ನೀರು ಕುಡಿಯದ ಕಲ್ಲು: ನಮ್ಮ ಹಿತ್ತಲ ಗೋಡೆ ಮತ್ತೆ ಕಟ್ಟಿದ್ದು

ಹಿತ್ತಲ ಗೋಡೆ ಮಳೆಗೆ ಬಿತ್ತು ಅಂತ ಊರವರೆಲ್ಲ ಅಂದರು. ನಿಜ ಹೇಳಬೇಕೆಂದರೆ ಬೀಳಿಸಿದ್ದು ನಾನೇ. 12 ವರ್ಷದ ಹಿಂದೆ ಕಲ್ಲಿನ ಸಂದಿಗೆಲ್ಲ ಸಿಮೆಂಟ್ ಮೆತ್ತಿಸಿದ್ದೆ. ನೋಡಲು ಚೆಂದವಾಗಿತ್ತು. ಆದರೆ ಮೇಲಿನಿಂದ ಗೋಡೆಯೊಳಗೆ ಇಳಿದ ನೀರು ಹೊರಗೆ ಬರಲು ದಾರಿಯೇ ಉಳಿಯಲಿಲ್ಲ. ಒಳಗಿನ ಮಣ್ಣು ನೆನೆದು ಉಬ್ಬಿತು, ಗೋಡೆ ಹೊಟ್ಟೆ ಬಿಟ್ಟಿತು. ಒಂದು ರಾತ್ರಿ 18 ಅಡಿ ಉದ್ದ ಕುಸಿಯಿತು.

ನಮ್ಮದು ವಿಜಯಪುರ ಜಿಲ್ಲೆ. ಇಲ್ಲಿ ಹಳೆ ಮನೆ ಅಂದರೆ ಕರಿಕಲ್ಲಿನದೇ. ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಹರಿದು ಹೆಪ್ಪುಗಟ್ಟಿದ ಬಸಾಲ್ಟ್ ಇದು. ಗೋಲಗುಮ್ಮಟದ ದಪ್ಪ ಗೋಡೆಗಳೂ ಇದೇ ಕಲ್ಲಿನವು, ಮೇಲಿನ ಗುಮ್ಮಟ ಮಾತ್ರ ಇಟ್ಟಿಗೆ ಗಚ್ಚಿನದು. ಹೊಲದ ಎರೆಮಣ್ಣು ಕೂಡ ಈ ಕಲ್ಲು ಸವೆದು ಆದದ್ದೇ. ಕಪ್ಪಗಿದ್ದದ್ದನ್ನೆಲ್ಲ ಜನ ಕರಿಕಲ್ಲು ಅಂತಾರೆ, ಆದರೆ ಬೇಲೂರು ಹಳೇಬೀಡಿನ ಬಳಪದ ಕಲ್ಲು ಬೇರೆ. ಅದು ಉಳಿಗೆ ಮೆತ್ತಗೆ ಬಗ್ಗುತ್ತದೆ. ನಮ್ಮದು ಜಗಳಗಂಟ ಕಲ್ಲು. ರಾಷ್ಟ್ರಕೂಟರು ಎಲ್ಲೋರಾದಲ್ಲಿ ಇಂಥ ಬಂಡೆಯನ್ನೇ ಮೇಲಿನಿಂದ ಕೆಳಕ್ಕೆ ಕಡಿದು ಕೈಲಾಸ ದೇವಾಲಯ ಮಾಡಿದರಲ್ಲ, ಒಂದು ಕಲ್ಲು ಕೆತ್ತಿ ನೋಡಿದ ಮೇಲೆ ಅವರಿಗೆ ಕೈ ಮುಗಿಯಬೇಕು ಅನಿಸಿತು.

ಹೊಸ ಕಲ್ಲು ತರಲಿಲ್ಲ. ಬಿದ್ದದ್ದನ್ನೇ ಆರಿಸಿದೆವು. ಸುತ್ತಿಗೆಯಿಂದ ತಟ್ಟಿದರೆ ಗಂಟೆಯಂತೆ ಠಣ್ ಅಂದದ್ದು ಒಂದು ಕಡೆ, ಧಬ್ ಅಂದದ್ದು ಇನ್ನೊಂದು ಕಡೆ. ತೂತು ತೂತಾಗಿ ಬಿಳಿ ಚುಕ್ಕೆ ತುಂಬಿಕೊಂಡ ಕಲ್ಲುಗಳನ್ನು ಹೊರಮುಖಕ್ಕೆ ಬಳಸಲಿಲ್ಲ. ಲಾವಾ ಪದರದ ಮೇಲ್ಭಾಗದಲ್ಲಿ ಗಾಳಿಗುಳ್ಳೆ ಉಳಿದು, ಆಮೇಲೆ ಅದರಲ್ಲಿ ಬೇರೆ ಖನಿಜ ಕೂತ ಕಲ್ಲು ಅದು. ಬೇಗ ಉದುರುತ್ತದೆ. ಒಂದು ಘನ ಅಡಿ ಕಲ್ಲು 80 ಕಿಲೋ ದಾಟುತ್ತದೆ, ಹಾಗಾಗಿ ಆರಿಸುವುದರಲ್ಲೇ ಸೊಂಟ ಹೋಯಿತು.

ಕೆಲಸಕ್ಕೆ ಬಂದದ್ದು ಪಕ್ಕದೂರಿನ ಹಿರಿಯ ಗೌಂಡಿ ಮತ್ತು ಅವರ ಮಗ. ಮೊದಲ ದಿನ ನಾನು ಇಟ್ಟಿಗೆ ನೆನೆಸುವ ಹಾಗೆ ಕಲ್ಲುಗಳನ್ನೆಲ್ಲ ನೀರಿನ ತೊಟ್ಟಿಗೆ ಹಾಕುತ್ತಿದ್ದೆ. ಅಜ್ಜ ಬೀಡಿ ಆರಿಸಿ ನಕ್ಕರು. "ತಮ್ಮಾ, ಇದು ನೀರು ಕುಡಿಯೂ ಕಲ್ಲಲ್ಲ. ಧೂಳು ತೊಳಿ, ಸಾಕು."

ಇಡೀ ಕೆಲಸದ ಗುಟ್ಟು ಅಲ್ಲೇ ಇತ್ತು. ಇಟ್ಟಿಗೆ ಗಾರೆಯ ನೀರನ್ನು ಹೀರಿ ಹಿಡಿದುಕೊಳ್ಳುತ್ತದೆ. ಈ ಕಲ್ಲು ಹೀರುವುದೇ ಇಲ್ಲ. ಗಾರೆ ನೀರು ನೀರಾಗಿದ್ದರೆ ಮೇಲಿನ ಕಲ್ಲು ಜಾರುತ್ತದೆ. ನಾನು ಕಲಸಿದ ಮೊದಲ ಗಾರೆಯಲ್ಲಿ ಮೂರನೇ ವರಸೆ ಹಾಕುವಷ್ಟರಲ್ಲಿ ಕೆಳಗಿನ ಕಲ್ಲು ಅರ್ಧ ಇಂಚು ಮುಂದೆ ಬಂದಿತ್ತು. ಎಲ್ಲ ಬಿಚ್ಚಿದೆವು. ಆಮೇಲೆ ಒಂದು ಪಾಲು ಅರಳಿದ ಸುಣ್ಣ, ಒಂದು ಪಾಲು ಇಟ್ಟಿಗೆ ಪುಡಿ, ಎರಡು ಪಾಲು ಮರಳು. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಆಗಬೇಕು, ಕೈಗೆ ನೀರು ಇಳಿಯಬಾರದು. ಅಜ್ಜ ಸ್ವಲ್ಪ ಬೆಲ್ಲದ ನೀರನ್ನೂ ಹಾಕಿಸಿದರು.

ಗಾರೆ ಅಂಟು ಅಂತ ನಾನು ಅಂದುಕೊಂಡಿದ್ದೆ. ಅಲ್ಲ, ಅದು ಹಾಸಿಗೆ. ಕಲ್ಲನ್ನು ಹಿಡಿಯುವುದು ಕಲ್ಲೇ. ಮೊದಲು ಗಾರೆ ಇಲ್ಲದೆ ಇಟ್ಟು ನೋಡಬೇಕು. ಅಲ್ಲಾಡಿದರೆ ತಿರುಗಿಸಬೇಕು. ಬಾದಾಮಿ ಕಡೆಯ ಮರಳುಗಲ್ಲಿಗೆ ಪದರ ಇರುವುದರಿಂದ ಪದರ ಮಲಗುವ ಹಾಗೇ ಇಡಬೇಕು. ಇದಕ್ಕೆ ಆ ಕಟ್ಟುಪಾಡಿಲ್ಲ, ಅಗಲ ಮುಖ ಕೆಳಗೆ ಬಂದರೆ ಆಯಿತು. ಎರಡು ಅಡಿ ದಪ್ಪದ ಗೋಡೆ ನಮ್ಮದು. ಮೂರು ನಾಲ್ಕು ಅಡಿಗೊಂದು ಉದ್ದ ಕಲ್ಲು ಎರಡೂ ಮುಖ ತಲುಪುವ ಹಾಗೆ ಅಡ್ಡ ಹಾಕಿದೆವು. ಹಳೆ ಗೋಡೆಯಲ್ಲಿ ಅಂಥ ಕಲ್ಲು ಎರಡೇ ಇದ್ದವು. ಹೊಟ್ಟೆ ಬಿಡಲು ಅದೂ ಒಂದು ಕಾರಣ. ನಡುವೆ ಮಣ್ಣು ಸುರಿಯದೆ ಕಲ್ಲಿನ ಚಕ್ಕೆಗಳನ್ನು ಗಾರೆಯಲ್ಲಿ ಅದುಮಿ ತುಂಬಿದೆವು. ಬುಡದಲ್ಲಿ ನೀರು ಹೋಗಲು ನಾಲ್ಕು ಕಿಂಡಿ ಬಿಟ್ಟೆವು.

ದಿನಕ್ಕೆ ಒಂದೂವರೆ ಅಡಿಗಿಂತ ಜಾಸ್ತಿ ಏರಿಸಲು ಅಜ್ಜ ಬಿಡಲಿಲ್ಲ. ಸಂಜೆ ಒದ್ದೆ ಗೋಣಿಚೀಲ ಹೊದಿಸುವುದು ನನ್ನ ಪಾಲಿನ ಕೆಲಸ.

ಕೆತ್ತನೆ ನನ್ನ ಕೈಗೆ ಹತ್ತಲಿಲ್ಲ. ಚಾಣ ಎರಡು ಗಂಟೆಗೆ ಮೊಂಡಾಗುತ್ತಿತ್ತು. ಏಟು ತಪ್ಪಿದರೆ ಕಲ್ಲು ಗಾಜಿನ ಚೂರಿನಂತೆ ಹಾರುತ್ತದೆ. ಸುಮ್ನೆ ಧೈರ್ಯ ತೋರಿಸಬೇಡಿ, ಕನ್ನಡಕ ಹಾಕಿಕೊಳ್ಳಿ. ನನ್ನ ಹುಬ್ಬಿನ ಮೇಲೆ ಈಗಲೂ ಗುರುತಿದೆ. ಹೊಸದಾಗಿ ಒಡೆದ ಮುಖ ನೀಲಿಗಪ್ಪು, ಹಳೆಯದು ಕಂದು. ಕಲ್ಲಿನಲ್ಲಿರುವ ಕಬ್ಬಿಣದ ತುಕ್ಕು ಅದು. ಹಾಗಾಗಿ ಗೋಡೆ ಸದ್ಯ ತೇಪೆ ಹಾಕಿದ ಕೌದಿಯಂತೆ ಕಾಣುತ್ತದೆ.

ಅವಶೇಷದಲ್ಲಿ ಅರ್ಧ ಬೀಸುವ ಕಲ್ಲು ಸಿಕ್ಕಿತು. ಅವ್ವ ಅದನ್ನು ಹೊರಮುಖಕ್ಕೇ ಇಡಿಸಿದಳು.

ಗೋಡೆಯ ತಲೆಯ ಮೇಲೆ ಹಾಸಲು ಶಹಾಬಾದ ಫರಸಿ, ಅಂದರೆ ಚಪ್ಪಡಿ ಕಲ್ಲು, ತಂದಿಟ್ಟಿದ್ದೇನೆ. ನೀರು ಗೋಡೆಗೆ ತಾಗದೆ ಕೆಳಗೆ ಬೀಳಲು ಎರಡು ಇಂಚು ಮುಂದೆ ಚಾಚಬೇಕು. ಜಾತ್ರೆ ಮುಗಿಯಲಿ, ಬರ್ತೀನಿ ಅಂದಿದ್ದಾರೆ ಅಜ್ಜ. ಅಲ್ಲಿಯವರೆಗೆ ತಾಡಪಾಲು ಹೊದಿಸಿ ಮೇಲೆ ಕಲ್ಲು ಹೇರಿದ್ದೇನೆ.