ಮಡಿಕೇರಿಯ ಎತ್ತರದಲ್ಲಿ ಟ್ರೇ ಕಾಲಂ ನಡೆಸುವ ಬಗೆ

ಕಡಂಬುಟ್ಟು (ಅಕ್ಕಿತರಿಯ ಉಂಡೆ) ಬೇಯಿಸುವಾಗ ತೂತಿನ ತಟ್ಟೆಯ ಮೂಲಕ ಹಬೆ ಏರುವುದನ್ನು ಕಂಡವರಿಗೆ ಟ್ರೇ ಕಾಲಂ, ಅಂದರೆ ಕುದಿಸಿ ದ್ರವಮಿಶ್ರಣವನ್ನು ಬೇರ್ಪಡಿಸಲು ತೂತಿನ ತಟ್ಟೆಗಳನ್ನು (ಟ್ರೇ) ಒಂದರ ಮೇಲೊಂದು ಜೋಡಿಸಿದ ಕಂಬ, ಅರ್ಧದಷ್ಟು ತಿಳಿದಂತೆಯೇ. ವ್ಯತ್ಯಾಸವೆಂದರೆ, ಇಲ್ಲಿ ಪ್ರತಿ ಟ್ರೇಯ ಮೇಲೂ ದ್ರವ ನಿಂತಿರುತ್ತದೆ. ಅದು ತೂತುಗಳಿಂದ ಸುರಿದುಹೋಗದಂತೆ ಕೆಳಗಿನಿಂದ ನುಗ್ಗುವ ಆವಿಯೇ ತಡೆಯುತ್ತದೆ. ಅಂಚಿನ ಗಿಡ್ಡ ಕಟ್ಟೆಯನ್ನು ದಾಟಿದ ದ್ರವವು ಡೌನ್‌ಕಮರ್ ಎಂಬ ಇಳಿದಾರಿಯಿಂದ ಕೆಳಗಿನ ಟ್ರೇ ಸೇರುತ್ತದೆ. ಟ್ರೇಯ ಮೇಲೆ ಆವಿ, ದ್ರವ ಎರಡೂ ನೊರೆಯಾಗಿ ಕಲೆಯುವಾಗ ಬೇಗ ಕುದಿಯುವ ಘಟಕ ಆವಿಗೆ ಏರುತ್ತದೆ, ತಡವಾಗಿ ಕುದಿಯುವುದು ದ್ರವಕ್ಕೆ ಇಳಿಯುತ್ತದೆ.

ಕಾಲೇಜಿನ ಪ್ರಯೋಗಾಲಯದಲ್ಲಿ ಎಥನಾಲ್ ಮತ್ತು ನೀರನ್ನು ಬೇರ್ಪಡಿಸುವುದಾದರೆ, ಮೊದಲು ತುದಿಯ ಆವಿಯನ್ನು ತಣಿಸಿ ದ್ರವವಾಗಿಸುವ ಕಂಡೆನ್ಸರ್‌ಗೆ ತಣ್ಣೀರು ಬಿಟ್ಟು, ಅದು ಹರಿಯುತ್ತಿರುವುದನ್ನು ಕಣ್ಣಾರೆ ನೋಡಿದ ಮೇಲಷ್ಟೇ ಬುಡದಲ್ಲಿ ದ್ರವ ಕುದಿಸುವ ರಿಬಾಯ್ಲರನ್ನು ನಿಧಾನವಾಗಿ ಕಾಯಿಸಬೇಕು. (ಅಬಕಾರಿ ಪರವಾನಗಿಯಿಲ್ಲದೆ ಇದನ್ನು ಮನೆಯಲ್ಲಿ ಮಾಡತಕ್ಕದ್ದಲ್ಲ.) ಆರಂಭದಲ್ಲಿ ಮೇಲೆ ತಣಿದ ದ್ರವವನ್ನೆಲ್ಲ ಕಾಲಂಗೇ ಮರಳಿಸಿ, ಎಲ್ಲ ಟ್ರೇಗಳ ತಾಪಮಾನ ಅಲುಗಾಡದೆ ನಿಲ್ಲುವವರೆಗೆ ಕಾಯಬೇಕು, ಈ ತಾಳ್ಮೆಯಿಲ್ಲದವರ ಉತ್ಪನ್ನ ಎಂದೂ ಶುದ್ಧವಾಗಿರುವುದಿಲ್ಲ. ಅನಂತರ ಮೂರು ಪಾಲು ಮರಳಿಸಿ ಒಂದು ಪಾಲನ್ನು ಹೊರತೆಗೆಯುವುದರಿಂದ ತೊಡಗಬಹುದು.

ನಮ್ಮ ಊರಿನಲ್ಲಿ ಎಡವುವುದು ಥರ್ಮಾಮೀಟರ್ ಓದುವಾಗ. ಪುಸ್ತಕಗಳು ಹೇಳುವ ಎಥನಾಲ್‌ನ ಕುದಿಬಿಂದು, 78.4 ಡಿಗ್ರಿ ಸೆಲ್ಸಿಯಸ್, ಸಮುದ್ರಮಟ್ಟದ ಲೆಕ್ಕ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಗಾಳಿಯ ಒತ್ತಡ ಕಡಿಮೆಯಾದ್ದರಿಂದ ನೀರು ಸುಮಾರು 96ರಲ್ಲಿಯೂ ಎಥನಾಲ್ ಸುಮಾರು 75ರಲ್ಲಿಯೂ ಕುದಿಯುತ್ತವೆ. ಮೇಲಿನ ಟ್ರೇಯಲ್ಲಿ 78 ಕಂಡು ನೆಮ್ಮದಿಯಾದರೆ ಮೋಸಹೋದಂತೆ: ಅಷ್ಟು ಹೊತ್ತಿಗೆ ನೀರು ಮೇಲಕ್ಕೆ ಹತ್ತಿ, ಎಥನಾಲ್‌ನ ಪ್ರಮಾಣ ತೂಕದಲ್ಲಿ ಶೇ. 80ರ ಆಸುಪಾಸಿಗೆ ಇಳಿದಿರುತ್ತದೆ. ಆಗ ಮರಳಿಸುವ ಪಾಲನ್ನು ಹೆಚ್ಚಿಸಬೇಕು. ಎಷ್ಟೇ ಹೆಚ್ಚಿಸಿದರೂ ಶೇ. 95.6ರ ಸುಮಾರಿಗೆ ಶುದ್ಧೀಕರಣ ನಿಂತುಬಿಡುತ್ತದೆ, ಏಕೆಂದರೆ ಅಲ್ಲಿ ಆವಿಗೂ ದ್ರವಕ್ಕೂ ಒಂದೇ ಸಂಯೋಜನೆ.

ಕಾವು ಅತಿಯಾದರೆ ಡೌನ್‌ಕಮರ್ ತುಂಬಿ ದ್ರವ ಮೇಲಿನ ಟ್ರೇಗೆ ಉಕ್ಕುತ್ತದೆ, ಕಾಲಂನ ಬುಡ-ತುದಿಗಳ ನಡುವಿನ ಒತ್ತಡದ ವ್ಯತ್ಯಾಸ ದಿಢೀರನೆ ಏರುತ್ತದೆ; ಕಾವು ಕಡಿಮೆಯಾದರೆ ತೂತುಗಳಿಂದಲೇ ದ್ರವ ಸೋರುತ್ತದೆ. ಗಾಜಿನ ಕಾಲಂನಲ್ಲಿ ಎರಡನ್ನೂ ಕಣ್ಣಿನಿಂದಲೇ ಗುರುತಿಸಬಹುದು. ಮಳೆಗಾಲದಲ್ಲಿ ಕರೆಂಟ್ ಹೋಗಿ ನೀರಿನ ಪಂಪು ನಿಂತರೆ ಹೀಟರಿನ ಸ್ವಿಚ್ಚನ್ನು ಕೂಡಲೇ ಆರಿಸಬೇಕು. ಕರೆಂಟ್ ಮರಳಿದ ಮೇಲೆಯೂ ಮೊದಲು ನೀರು, ಆಮೇಲೆ ಕಾವು.