ಹಳೇ ಬಿಬಿಎಸ್‌ನಲ್ಲಿ ಡೂಪ್ ಮೆಸೇಜ್ ಹಿಡಿಯೋದು ಹೇಗೆ, ಅದೂ 640 ಕೆಬಿ ಒಳಗೆ

ಡಾಸ್ ಮಷೀನ್ ಮೇಲೆ ಹಳೇ ಬಿಬಿಎಸ್ (ಫೋನ್ ಲೈನ್ ಮೂಲಕ ಜನ ಮೆಸೇಜ್ ಹಾಕ್ತಿದ್ದ ಬುಲೆಟಿನ್ ಬೋರ್ಡ್) ಎಬ್ಬಿಸಿ ಫಿಡೋನೆಟ್ (ಬಿಬಿಎಸ್‌ಗಳು ಒಂದಕ್ಕೊಂದು ಮೆಸೇಜ್ ದಾಟಿಸೋ ನೆಟ್‌ವರ್ಕ್) ಥರದ ಎಕೋ, ಅಂದ್ರೆ ಎಲ್ಲಾ ಬಿಬಿಎಸ್‌ಗೂ ಹಂಚೋ ಚರ್ಚೆ ಏರಿಯಾ, ತಗೊಳ್ತಿದೀರ ಅಂದ್ರೆ, ಒಂದಲ್ಲ ಒಂದಿನ ಅದೇ ಮೆಸೇಜ್ ಎರಡೆರಡು ಸಲ ಬಂದು ಕೂತಿರತ್ತೆ, ಇದೇ ಡೂಪ್. ಸುಮಾರು ಜನ ಟಾಸರ್ (ಬಂದ ಮೆಸೇಜ್‌ಗಳನ್ನ ಬಿಚ್ಚಿ ಆಯಾ ಏರಿಯಾಗೆ ಹಾಕೋ ಪ್ರೋಗ್ರಾಂ) ಸೆಟಪ್‌ನಲ್ಲಿ ಡೂಪ್ ಚೆಕ್ ಆನ್ ಮಾಡಿ ಮುಗೀತು ಅನ್ಕೋತಾರೆ, ಎಷ್ಟು ಮೆಸೇಜ್ ನೆನಪಿಟ್ಕೋಬೇಕು ಅನ್ನೋ ನಂಬರ್ ಮುಟ್ಟೋದೇ ಇಲ್ಲ. ನನ್ನ ಪ್ರಕಾರ ಮೊದಲು ಸರಿಮಾಡ್ಬೇಕಾಗಿರೋದೇ ಅದನ್ನ.

ಟಾಸರ್ ಇಡೀ ಮೆಸೇಜ್ ಇಟ್ಕೊಳ್ಳಲ್ಲ, ಸಾಮಾನ್ಯವಾಗಿ ಸಿಆರ್‌ಸಿ-32 (ಮೆಸೇಜ್‌ನಿಂದ ತೆಗೆಯೋ ಬೆರಳಚ್ಚಿನಂಥ ಒಂದು ಸಂಖ್ಯೆ) ಲೆಕ್ಕ ಹಾಕಿ 4 ಬೈಟ್ ಮಾತ್ರ ಇಟ್ಕೊಂಡು, ಹೊಸದು ಬಂದಾಗ ಹಳೇ ಪಟ್ಟೀಲಿ ಅದಿದ್ಯಾ ಅಂತ ಹುಡುಕತ್ತೆ. ಏನೇನು ಸೇರಿಸಿ ಲೆಕ್ಕ ಹಾಕತ್ತೆ ಅನ್ನೋದು ನೋಡ್ಕೊಳ್ಳಿ. ಮೆಸೇಜ್ ಯಾವ್ಯಾವ ಸಿಸ್ಟಮ್‌ಗೆ ಹೋಗಿದೆ, ಯಾವ ದಾರೀಲಿ ಬಂತು ಅಂತ ಹೇಳೋ ಸೀನ್-ಬೈ, ಪಾತ್ ಲೈನ್‌ಗಳು ಪ್ರತೀ ನೋಡ್ (ನೆಟ್‌ವರ್ಕ್‌ನ ಒಂದೊಂದು ಸಿಸ್ಟಮ್) ದಾಟ್ತಾ ಬದಲಾಗ್ತವೆ, ಅವನ್ನ ಸೇರಿಸಿದ್ರೆ ಬೇರೆ ದಾರೀಲಿ ಸುತ್ತಿ ಬಂದ ಕಾಪಿ ಯಾವತ್ತೂ ಮ್ಯಾಚ್ ಆಗಲ್ಲ. ಬರೀ ಹೆಡರ್ (ಯಾರಿಂದ, ಯಾರಿಗೆ, ಸಬ್ಜೆಕ್ಟ್, ಸಮಯ) ಸಾಕು ಅಂದ್ರೂ ಕಷ್ಟ, ಉದ್ದದ ಫೈಲ್ ಲಿಸ್ಟ್ ಒಂದೇ ಸಬ್ಜೆಕ್ಟ್, ಒಂದೇ ಸೆಕೆಂಡ್‌ನಲ್ಲಿ ನಾಲ್ಕು ತುಂಡಾಗಿ ಬಂದ್ರೆ ಮೊದಲನೇದು ಬಿಟ್ಟು ಮೂರೂ ಡೂಪ್ ಅಂತ ಹೋಗ್ಬಿಡತ್ತೆ. ಎಂಎಸ್‌ಜಿಐಡಿ (ಮೆಸೇಜ್‌ಗೆ ಅಂಟಿಸೋ ಗುರುತಿನ ಲೈನ್) ಇದ್ರೆ ಅದೇ ಬೆಸ್ಟ್. ಅದರಲ್ಲಿ ಕಳಿಸಿದ ಸಿಸ್ಟಮ್ ಅಡ್ರೆಸ್ಸು, ಜೊತೆಗೆ 8 ಹೆಕ್ಸ್ ಅಂಕೆಯ ಸೀರಿಯಲ್ ಇರತ್ತೆ, ಅದೇ ಸಿಸ್ಟಮ್ 3 ವರ್ಷದೊಳಗೆ ಅದೇ ಸೀರಿಯಲ್ ಮತ್ತೆ ಬಳಸಬಾರದು ಅಂತ ರೂಲ್ ಇದೆ. ಇಲ್ಲದಿದ್ರೆ ಹೆಡರ್ ಜೊತೆ ಟೆಕ್ಸ್ಟೂ ಸೇರಿಸಿ.

ಈಗ ಮೆಮೊರಿ. ಡಾಸ್ ಪ್ರೋಗ್ರಾಂಗಳು ಸಾಮಾನ್ಯವಾಗಿ ಓಡೋದೇ 640 ಕೆಬಿ ಒಳಗೆ. ರಿಯಲ್ ಮೋಡ್‌ನಲ್ಲಿ (ಡಾಸ್ ಓಡೋ ಪ್ರೊಸೆಸರ್ ಮೋಡ್) ಒಂದು ಸೆಗ್ಮೆಂಟ್, ಅಂದ್ರೆ ಮೆಮೊರಿಯ ಒಂದು ತುಂಡು, 64 ಕೆಬಿ, 4 ಬೈಟ್‌ನಂತೆ 16,384 ಮೆಸೇಜ್ ಹಿಡಿಯತ್ತೆ. ಕೇಳೋಕೆ ಜಾಸ್ತಿ ಅನ್ಸತ್ತೆ, ಆದ್ರೆ ದಿನಕ್ಕೆ 500 ಮೆಸೇಜ್ ಬರ್ತಿದ್ರೆ 32 ದಿನಕ್ಕೇ ತುಂಬಿ ಹಳೇದು ಉದುರೋಕೆ ಶುರು, ಆಮೇಲೆ ಅಪ್‌ಲಿಂಕ್ (ನಿಮಗೆ ಮೆಸೇಜ್ ಕಳಿಸೋ ಸಿಸ್ಟಮ್) ಯಾವತ್ತೋ 45 ದಿನದ ರೀಸ್ಕ್ಯಾನ್, ಅಂದ್ರೆ ಹಳೇ ಮೆಸೇಜ್‌ಗಳನ್ನೇ ಮತ್ತೆ, ಕಳಿಸಿದ್ರೆ ಅದರಲ್ಲಿ ತೀರಾ ಹಳೇ 13 ದಿನದ್ದೆಲ್ಲಾ ಹೊಸ ಮೆಸೇಜ್ ಅಂತ ಒಳಗೆ ಬಂದ್ಬಿಡತ್ತೆ. ಹಾಗಾಗಿ ಮೊದಲು ಎಷ್ಟು ದಿನ ಬೇಕು ಅಂತ ತೀರ್ಮಾನ ಮಾಡಿ ಆಮೇಲೆ ಗುಣಿಸಿ. 90 ದಿನ ಅಂದ್ರೆ 45,000 ಎಂಟ್ರಿ, ಸುಮಾರು 176 ಕೆಬಿ. ನಿಮ್ಮ ಟಾಸರ್ ಒಂದೇ ಸೆಗ್ಮೆಂಟ್‌ಗೆ ನಿಲ್ಲತ್ತೆ ಅಂದ್ರೆ, ಏರಿಯಾಗೊಂದು ಹಿಸ್ಟರಿ ಇಡೋ ಆಪ್ಷನ್ ಇದ್ಯಾ ನೋಡಿ.

176 ಕೆಬಿ ಎಲ್ಲಿಂದ ತರೋದು? ಬಿಬಿಎಸ್ ಒಳಗಿಂದ ಶೆಲ್ ಮಾಡಿ (ಅದನ್ನ ಮುಚ್ಚದೇ ಡಾಸ್‌ಗೆ ಹೋಗಿ) ಟಾಸರ್ ಓಡಿಸ್ಬೇಡಿ, ಬಿಬಿಎಸ್ ಮೆಮೊರೀಲೇ ಕೂತಿರತ್ತೆ. ಎರರ್‌ಲೆವೆಲ್ (ಪ್ರೋಗ್ರಾಂ ಮುಗಿಯುವಾಗ ಬ್ಯಾಚ್ ಫೈಲ್‌ಗೆ ಕೊಡೋ ಸಂಖ್ಯೆ) ಕೊಟ್ಟು ಪೂರ್ತಿ ಹೊರಗೆ ಬಂದು ಬ್ಯಾಚ್ ಫೈಲಿಂದ ಟಾಸರ್ ಕರೀರಿ, ಇದೊಂದರಲ್ಲೇ ತುಂಬಾ ಜಾಗ ಸಿಗತ್ತೆ. ಡಾಸ್ 5 ಅಥವಾ ಅದರ ಮೇಲಿದ್ರೆ ಹಿಮೆಮ್ (ಮೇಲಿನ ಮೆಮೊರಿ ನೋಡ್ಕೊಳ್ಳೋ ಡ್ರೈವರ್) ಲೋಡ್ ಮಾಡಿ ಡಾಸನ್ನ ಹೈ ಮೆಮೊರಿಗೆ ಹಾಕಿ, ಯುಎಂಬಿ (640 ಕೆಬಿ ಮೇಲಿನ ಖಾಲಿ ಜಾಗ) ಇದ್ರೆ ಫಾಸಿಲ್ ಡ್ರೈವರನ್ನೂ (ಮೋಡೆಮ್ ಪೋರ್ಟ್ ನಡೆಸೋದು) ಮೇಲಕ್ಕೆ ಕಳಿಸಿ, ಆಮೇಲೆ ಮೆಮ್ ಕಮಾಂಡ್ ಕೊಟ್ಟು ಎಷ್ಟು ಉಳೀತು ನೋಡಿ.

ಒಂದು ಮಾತು, ಡೂಪ್ ಅಂತ ಸಿಕ್ಕಿದ್ದನ್ನ ದಯವಿಟ್ಟು ಡಿಲೀಟ್ ಮಾಡ್ಬೇಡಿ. 45,000 ಎಂಟ್ರಿ ಇದ್ದಾಗ ಹೊಸ ಮೆಸೇಜ್ ಸುಮ್ಮನೆ ಮ್ಯಾಚ್ ಆಗೋ ಚಾನ್ಸ್ ಸುಮಾರು 95,000ಕ್ಕೆ ಒಂದು, ದಿನಕ್ಕೆ 500ರ ಲೆಕ್ಕದಲ್ಲಿ ಆರು ತಿಂಗಳಿಗೊಮ್ಮೆ ಯಾರೋ ಕೂತು ಬರೆದ ಒಳ್ಳೇ ಮೆಸೇಜ್ ಹೋದಂಗೆ. ಬೇರೆ ಏರಿಯಾಗೆ ಹಾಕ್ಸಿ, ವಾರಕ್ಕೊಮ್ಮೆ ಕಣ್ಣಾಡ್ಸಿ.

ಎಲ್ಲಾ ಆದ್ಮೇಲೆ ಟೆಸ್ಟ್: ಒಂದು ಪ್ಯಾಕೆಟ್ (ಮೆಸೇಜ್‌ಗಳು ಕಟ್ಟಾಗಿ ಬರೋ ಫೈಲ್) ಕಾಪಿ ಇಟ್ಕೊಂಡು ಎರಡು ಸಲ ಟಾಸ್ ಮಾಡಿ. ಎರಡನೇ ಸಲ ಎಲ್ಲಾ ಡೂಪ್ ಏರಿಯಾಗೇ ಹೋಗ್ಬೇಕು. ಒಂದು ತಪ್ಪಿಸ್ಕೊಂಡ್ರೂ ಅದರ ಕ್ಲಜ್ ಲೈನ್‌ಗಳಲ್ಲಿ (ಸಾಮಾನ್ಯವಾಗಿ ಕಾಣಿಸದ ಕಂಟ್ರೋಲ್ ಲೈನ್‌ಗಳು) ಎಂಎಸ್‌ಜಿಐಡಿ ಇದ್ಯಾ ಅಂತ ಮೊದಲು ನೋಡಿ.