ಮಂಜೂರಾತಿ ಪತ್ರದಿಂದ ಯುಸಿವರೆಗೆ: ಎಎನ್‌ಆರ್‌ಎಫ್ ಪ್ರಾಜೆಕ್ಟ್ ನಡೆಸುವ ಬಗೆ

ಸಂಶೋಧನೆಗೆ ಹಣ ಕೊಡುವ ಕೇಂದ್ರದ ಸಂಸ್ಥೆ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ, ಅಂದರೆ ಎಎನ್‌ಆರ್‌ಎಫ್, 2023ರ ಕಾಯ್ದೆಯಡಿ ಹುಟ್ಟಿ 2024ರ ಫೆಬ್ರವರಿ 5ರಿಂದ ಜಾರಿಗೆ ಬಂತು. ಅದಕ್ಕೂ ಮೊದಲು ಪ್ರಾಜೆಕ್ಟ್ ಕೊಡುತ್ತಿದ್ದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ, ಅಂದರೆ ಎಸ್‌ಇಆರ್‌ಬಿ, ಇದರಲ್ಲೇ ಸೇರಿಹೋಯಿತು. ಎಎನ್‌ಆರ್‌ಎಫ್‌ನ ಆಡಳಿತ ಮಂಡಳಿಗೆ ಪ್ರಧಾನಿಯೇ ಅಧ್ಯಕ್ಷರು, ಕಾರ್ಯಕಾರಿ ಸಮಿತಿಗೆ ಪ್ರಧಾನ ವೈಜ್ಞಾನಿಕ ಸಲಹೆಗಾರರು. ಐದು ವರ್ಷಕ್ಕೆ 50,000 ಕೋಟಿ ರೂಪಾಯಿಯ ಅಂದಾಜಿದೆ, ಅದರಲ್ಲಿ 14,000 ಕೋಟಿ ಸರ್ಕಾರದ್ದು, ಉಳಿದದ್ದು ಉದ್ಯಮ, ದಾನಿಗಳಂಥ ಬೇರೆ ಮೂಲಗಳಿಂದ ಬರಬೇಕು. ಲ್ಯಾಬಿನಲ್ಲಿ ಕೂತವರಿಗೆ ಇದಿಷ್ಟು ಗೊತ್ತಿದ್ದರೆ ಸಾಕು. ಹೆಸರು ಬದಲಾಯಿತು, ಪೋರ್ಟಲ್ ಬದಲಾಯಿತು, ಲೆಕ್ಕ ಒಪ್ಪಿಸುವ ಜಿಎಫ್‌ಆರ್ 2017, ಅಂದರೆ ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು, ಹಾಗೇ ಇವೆ. ಪ್ರಾಜೆಕ್ಟ್‌ಗಳು ಒದ್ದಾಡುವುದು ಆ ಪುಟಗಳಲ್ಲೇ.

ಪ್ರಸ್ತಾವನೆ ಬರೆಯುವಾಗ ಎಲ್ಲರೂ ವಿಜ್ಞಾನದ ಭಾಗಕ್ಕೆ ವಾರಗಟ್ಟಲೆ ಕೊಡುತ್ತಾರೆ, ಬಜೆಟ್ಟನ್ನು ಕೊನೆಯ ರಾತ್ರಿ ತುಂಬುತ್ತಾರೆ. ನಾವು ಬಜೆಟ್ಟಿನಿಂದಲೇ ಶುರು ಮಾಡುತ್ತೇವೆ. ಮೊದಲು ಕೂಡಿಸುವುದು ಸಂಶೋಧನಾ ವಿದ್ಯಾರ್ಥಿಯ ವೇತನ, ಏಕೆಂದರೆ ಅದರಲ್ಲಿ ಚೌಕಾಸಿಗೆ ಜಾಗವಿಲ್ಲ. 2023ರ ಜನವರಿ 1ರಿಂದ ಜೆಆರ್‌ಎಫ್‌ಗೆ (ಕಿರಿಯ ಸಂಶೋಧನಾ ಫೆಲೋ) ತಿಂಗಳಿಗೆ 37,000, ಎಸ್‌ಆರ್‌ಎಫ್‌ಗೆ (ಹಿರಿಯ ಸಂಶೋಧನಾ ಫೆಲೋ) 42,000. ಎರಡು ವರ್ಷ ಜೆಆರ್‌ಎಫ್, ಮೂರನೇ ವರ್ಷ ಎಸ್‌ಆರ್‌ಎಫ್ ಎಂದರೆ 8,88,000 + 5,04,000 = 13,92,000. ಇದರ ಮೇಲೆ ಮನೆಬಾಡಿಗೆ ಭತ್ಯೆ. ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಕೇಂದ್ರದ ಪಟ್ಟಿಯಲ್ಲಿ ವೈ ದರ್ಜೆಯ ನಗರಗಳು, ಶೇ 20ರಂತೆ 2,78,400. ಒಟ್ಟು 16,70,400. ಬೆಂಗಳೂರಾದರೆ ಶೇ 30. ಪ್ರಾಜೆಕ್ಟ್ 30 ಲಕ್ಷದ್ದಾದರೆ ಒಬ್ಬ ವಿದ್ಯಾರ್ಥಿಗೇ ಅರ್ಧಕ್ಕಿಂತ ಹೆಚ್ಚು ಹೋಯಿತು. ಈ ಲೆಕ್ಕ ಕಣ್ಣ ಮುಂದಿದ್ದರೆ 20 ಲಕ್ಷದ ಉಪಕರಣ ಕೇಳುವ ಯೋಚನೆ ತಾನಾಗಿಯೇ ಬಿಟ್ಟುಹೋಗುತ್ತದೆ. ನೆಟ್, ಗೇಟ್‌ನಂಥ ರಾಷ್ಟ್ರಮಟ್ಟದ ಪರೀಕ್ಷೆ ದಾಟದವರಿಗೆ ಈ ದರ ಸಿಗುವುದಿಲ್ಲ. ಸಣ್ಣ ಊರಿನ ವಿಶ್ವವಿದ್ಯಾಲಯಕ್ಕೆ ನೆಟ್ ಆದವರು ಬರುವುದು ಕಷ್ಟ, ಹಾಗಾಗಿ ಪ್ರಾಜೆಕ್ಟ್ ಅಸೋಸಿಯೇಟ್ ಹುದ್ದೆಗೂ ಸಮರ್ಥನೆ ಬರೆದಿಟ್ಟಿರುವುದು ಒಳ್ಳೆಯದು.

ಉಪಕರಣಕ್ಕೆ ಕೊಟೇಶನ್ ತರಿಸುವಾಗ ಮೂರು ವಿಷಯ ತಪ್ಪಿಹೋಗುತ್ತವೆ. ಒಂದು, ಜಿಎಸ್‌ಟಿ. ಸಂಶೋಧನಾ ಸಂಸ್ಥೆಗಳಿಗಿದ್ದ ಶೇ 5ರ ರಿಯಾಯಿತಿ ದರ 2022ರ ಜುಲೈ 18ಕ್ಕೇ ಹೋಯಿತು. ಹಳೆಯ ಪ್ರಸ್ತಾವನೆ ನಕಲು ಮಾಡಿದವರು ಈಗಲೂ ಶೇ 5 ಹಾಕುತ್ತಾರೆ. 10 ಲಕ್ಷದ ಉಪಕರಣಕ್ಕೆ ಶೇ 18ರಂತೆ 11.8 ಲಕ್ಷ ಬೇಕು, ಕೈಯಲ್ಲಿರುವುದು 10.5 ಲಕ್ಷ, ಮಿಕ್ಕ 1.3 ಲಕ್ಷಕ್ಕೆ ಬೇರೆ ಹೆಡ್‌ನಿಂದ, ಅಂದರೆ ಖರ್ಚಿನ ಬೇರೆ ಬಾಬತ್ತಿನಿಂದ, ತೆಗೆಯುವಂತಿಲ್ಲ. ಎರಡು, ಕೊಟೇಶನ್ನಿನ ಅವಧಿ. ಅದು 60 ಅಥವಾ 90 ದಿನ ಇರುತ್ತದೆ, ಅರ್ಜಿಯಿಂದ ಮಂಜೂರಾತಿಗೆ ಅದರ ಹಲವು ಪಟ್ಟು ಹಿಡಿಯುತ್ತದೆ, ಅಷ್ಟರಲ್ಲಿ ಡಾಲರ್ ಏರಿರುತ್ತದೆ. ಅದಕ್ಕೇ ಉಪಕರಣದ ಹೆಸರನ್ನು ಮಾಡೆಲ್ ಸಂಖ್ಯೆಯೊಂದಿಗೆ ಬರೆಯದೆ ಕೆಲಸದ ಗುಣಲಕ್ಷಣದಿಂದ ಬರೆಯಿರಿ. ದುಬಾರಿಯಾದಾಗ ಅದೇ ಕೆಲಸ ಮಾಡುವ ಕೆಳಗಿನ ಮಾಡೆಲ್ ಕೊಳ್ಳಬಹುದು. ಮೂರು, ಜೊತೆಯ ಸಾಮಾನು. ಮೈನಸ್ 80 ಡಿಗ್ರಿ ಫ್ರೀಜರ್ ಬರೆದವರು ಸ್ಟೆಬಿಲೈಸರ್, ರ‍್ಯಾಕ್, ತಾಪಮಾನದ ಅಲಾರಂ ಬರೆದಿರುವುದಿಲ್ಲ. ಮಂಜೂರಾತಿ ಪತ್ರದಲ್ಲಿ ಫ್ರೀಜರ್ ಎಂದಷ್ಟೇ ಇದ್ದರೆ ಸ್ಟೆಬಿಲೈಸರ್ ಬಿಲ್ಲಿಗೆ ಆಡಿಟರ್ ಕೊಕ್ಕೆ ಹಾಕುತ್ತಾರೆ. ‘ಅಗತ್ಯ ಪರಿಕರಗಳೊಂದಿಗೆ’ ಎಂಬ ಎರಡು ಪದ ಪ್ರಸ್ತಾವನೆಯಲ್ಲೇ ಇರಲಿ. ಪ್ರತ್ಯೇಕ ವೈರಿಂಗ್, ಎ.ಸಿ., ಜನರೇಟರ್ ಸಂಪರ್ಕ ಸಂಸ್ಥೆಯ ಹೊಣೆ. ಅದನ್ನು ಒಪ್ಪಿಗೆ ಪತ್ರದಲ್ಲಿ ಬರೆಸಿಕೊಳ್ಳದಿದ್ದರೆ ಫ್ರೀಜರ್ ಪೆಟ್ಟಿಗೆಯಲ್ಲೇ ಮಳೆಗಾಲ ಕಳೆಯುತ್ತದೆ, ವಾರಂಟಿ ಮಾತ್ರ ಓಡುತ್ತಿರುತ್ತದೆ.

ಇನ್ನು ಖರೀದಿ. ನನ್ನ ಮಟ್ಟಿಗೆ ಪ್ರಾಜೆಕ್ಟಿನ ಮೊದಲ ಆರು ತಿಂಗಳು ಇದಕ್ಕೇ ಮೀಸಲು. ಉಪಕರಣ ಎರಡನೇ ವರ್ಷ ಬಂದರೆ ಮೂರನೇ ವರ್ಷದ ಕೊನೆಗೆ ಫಲಿತಾಂಶ ಬರುತ್ತದೆ, ವರದಿ ಬರೆಯಲು ದಿನ ಉಳಿಯುವುದಿಲ್ಲ. ಎಲ್ಲ ಖರೀದಿಗೂ ಮೊದಲು ಸರ್ಕಾರಿ ಇ-ಮಾರುಕಟ್ಟೆಯಾದ ಜೆಮ್ ಪೋರ್ಟಲ್ ನೋಡಬೇಕು. ಅಲ್ಲಿ ಸಿಗದಿದ್ದರೆ ಲಭ್ಯವಿಲ್ಲ ಎನ್ನುವ ವರದಿಯನ್ನು, ಜೆಮ್‌ಎಆರ್‌ಪಿಟಿಎಸ್ ಎನ್ನುವುದನ್ನು, ಪೋರ್ಟಲಿನಿಂದಲೇ ತೆಗೆದು ಕಡತಕ್ಕೆ ಲಗತ್ತಿಸಬೇಕು. ಪಿಸಿಆರ್ ಪ್ರೈಮರ್, ಆಂಟಿಬಾಡಿ, ಮಿಶ್ರಣ ಬೇರ್ಪಡಿಸುವ ವಿಶೇಷ ಕಾಲಂಗಳ ವಿಷಯದಲ್ಲಿ ಇದೊಂದು ದೊಡ್ಡ ತಲೆನೋವಾಗಿತ್ತು. ಹೆಸರು ಒಂದೇ ಆದರೂ ಶುದ್ಧತೆ ಬೇರೆ ಇರುವ ರಾಸಾಯನಿಕವೇ ಕೈಗೆ ಬರುತ್ತಿತ್ತು. 2025ರ ಜೂನ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ವೈಜ್ಞಾನಿಕ ಸಾಮಗ್ರಿಗೆ ನಿಯಮ ಸಡಿಲಿಸಿತು. ಸಂಸ್ಥೆಯ ನಿರ್ದೇಶಕರು ಅಥವಾ ಕುಲಪತಿ ಜೆಮ್ ಹೊರಗಿನ ಖರೀದಿಗೆ ಒಪ್ಪಿಗೆ ಕೊಡಬಹುದು, ಕೊಟೇಶನ್ ಇಲ್ಲದ ನೇರ ಖರೀದಿಯ ಮಿತಿ 1 ಲಕ್ಷದಿಂದ 2 ಲಕ್ಷಕ್ಕೆ, ಖರೀದಿ ಸಮಿತಿಯ ಮಿತಿ 10 ಲಕ್ಷದಿಂದ 25 ಲಕ್ಷಕ್ಕೆ ಏರಿತು.

ನಮ್ಮ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಇಲ್ಲೊಂದು ಸಿಕ್ಕು ಇದೆ. ಮಂಜೂರಾತಿ ಪತ್ರ ಜಿಎಫ್‌ಆರ್ ಪಾಲಿಸಿ ಎನ್ನುತ್ತದೆ, ಹಣಕಾಸು ಅಧಿಕಾರಿ ಕೆಟಿಪಿಪಿ ಕಾಯ್ದೆ, ಅಂದರೆ ಕರ್ನಾಟಕದ ಸಾರ್ವಜನಿಕ ಖರೀದಿ ಪಾರದರ್ಶಕತೆ ಕಾಯ್ದೆ, ತೆಗೆಯುತ್ತಾರೆ. ಅವರದೇನೂ ಹಟವಲ್ಲ, 1999ರ ಆ ಕಾಯ್ದೆ ವಿಶ್ವವಿದ್ಯಾಲಯಕ್ಕೆ ಅನ್ವಯಿಸುತ್ತದೆ. ಯಾವುದರ ಮಿತಿ ಬಿಗಿಯೋ ಅದನ್ನು ಪಾಲಿಸಿದರೆ ಎರಡೂ ಕಡೆಯ ಆಡಿಟ್ ದಾಟುತ್ತದೆ. ಯಾವ ಖರೀದಿಗೆ ಯಾವ ದಾರಿ ಎಂಬ ಟಿಪ್ಪಣಿಯನ್ನು ಪ್ರಾಜೆಕ್ಟ್ ಶುರುವಾದ ಮೊದಲ ತಿಂಗಳಲ್ಲೇ ಕಡತದಲ್ಲಿ ಏರಿಸಿ ಸಹಿ ಹಾಕಿಸಿಟ್ಟುಕೊಳ್ಳಿ. ಪ್ರತಿ ಇಂಡೆಂಟಿಗೂ ಅದೇ ವಾದ ಮತ್ತೆ ಮಾಡುವ ಕೆಲಸ ತಪ್ಪುತ್ತದೆ.

ಹಣ ಬರುವ ರೀತಿಯೂ ಬದಲಾಗಿದೆ. ಮೊದಲು ಇಡೀ ಕಂತು ಸಂಸ್ಥೆಯ ಖಾತೆಗೆ ಬಂದು ಕೂರುತ್ತಿತ್ತು. ಈಗ ಕೇಂದ್ರದ ಹೆಚ್ಚಿನ ಯೋಜನೆಗಳಲ್ಲಿ ಕೇಂದ್ರದ ಹಣ ಪಾವತಿ ಜಾಲವಾದ ಪಿಎಫ್‌ಎಂಎಸ್ ಮೂಲಕ ಶೂನ್ಯ ಶಿಲ್ಕಿನ ಖಾತೆಗೆ ಖರ್ಚಿನ ಮಿತಿ ಬರುತ್ತದೆ, ಬಿಲ್ ಪಾಸಾದಾಗ ಅಷ್ಟು ಹಣ ಇಳಿಯುತ್ತದೆ. ಬಳಸದ ಮಿತಿ ಮಾರ್ಚ್ 31ಕ್ಕೆ ರದ್ದಾಗುತ್ತದೆ. ಮಾರ್ಚ್ ಕೊನೆಯ ವಾರದಲ್ಲಿ ಪೋರ್ಟಲ್ ತೆವಳುತ್ತದೆ, ಹಾಗಾಗಿ ಮಾರ್ಚ್ 15ರ ನಂತರ ನಾವು ಯಾವ ಬಿಲ್ಲನ್ನೂ ನಂಬಿ ಕೂರುವುದಿಲ್ಲ. ಪೂರೈಕೆದಾರರಿಗೆ ಕೊಡುವ ಆರ್ಡರಿನಲ್ಲೇ ಫೆಬ್ರವರಿ ಕೊನೆಯ ದಿನಾಂಕ ನಮೂದಿಸುತ್ತೇವೆ.

ಮುಂದಿನ ಕಂತು ಬಿಡುವುದು ಯುಸಿ ಮತ್ತು ಎಸ್‌ಇ ನೋಡಿ. ಯುಸಿ ಎಂದರೆ ಜಿಎಫ್‌ಆರ್ 12-ಎ ನಮೂನೆಯ ಬಳಕೆ ಪ್ರಮಾಣಪತ್ರ, ಎಸ್‌ಇ ಎಂದರೆ ಹೆಡ್‌ವಾರು ಖರ್ಚಿನ ಪಟ್ಟಿ. ಎರಡೂ ಹಣಕಾಸು ವರ್ಷಕ್ಕೆ ತಕ್ಕಂತೆ ಇರಬೇಕು. ಪ್ರಾಜೆಕ್ಟ್ ಡಿಸೆಂಬರಿನಲ್ಲಿ ಶುರುವಾದರೆ ಮೊದಲ ಯುಸಿ ಡಿಸೆಂಬರಿನಿಂದ ಮಾರ್ಚ್ 31ರವರೆಗಿನದು, ಪೂರ್ತಿ ಹನ್ನೆರಡು ತಿಂಗಳದ್ದಲ್ಲ. ವಾಪಸ್ ಬರುವ ಯುಸಿಗಳನ್ನು ತೆಗೆದು ನೋಡಿದರೆ ಕಾರಣಗಳು ಬೆರಳೆಣಿಕೆಯಷ್ಟೇ. ಉಪಕರಣದ ಹಣಕ್ಕೂ ಉಳಿದ ಖರ್ಚಿಗೂ ಬೇರೆ ಬೇರೆ ಯುಸಿ ಕೊಡದೆ ಒಂದೇ ಹಾಳೆಯಲ್ಲಿ ಸೇರಿಸಿರುತ್ತಾರೆ. ಎಸ್‌ಇಯಲ್ಲಿ 4,86,312 ಇದ್ದದ್ದು ಯುಸಿಯಲ್ಲಿ 4,86,000 ಆಗಿರುತ್ತದೆ. ಈ ವರ್ಷದ ಆರಂಭಿಕ ಶಿಲ್ಕು ಕಳೆದ ವರ್ಷದ ಅಂತಿಮ ಶಿಲ್ಕಿಗೆ ತಾಳೆಯಾಗುವುದಿಲ್ಲ. ಆರ್ಡರ್ ಕೊಟ್ಟು ಹಣ ಪಾವತಿಸದ ಮೊತ್ತವನ್ನು ಖರ್ಚು ಎಂದೇ ತೋರಿಸಿರುತ್ತಾರೆ, ಅದಕ್ಕೆ ಬದ್ಧ ಖರ್ಚು ಎಂಬ ಬೇರೆ ಕಾಲಂ ಇದೆ. ಹಳೆಯ ಖಾತೆಯಲ್ಲಿ ಬಡ್ಡಿ ಬಂದಿದ್ದರೆ ಅದು ಪ್ರಾಜೆಕ್ಟಿನ ಹಣವಲ್ಲ, ಕೇಂದ್ರಕ್ಕೆ ಹಣ ಕಟ್ಟುವ ಭಾರತ್‌ಕೋಶ್ ಪೋರ್ಟಲ್ ಮೂಲಕ ಕಟ್ಟಿ ರಸೀದಿ ಲಗತ್ತಿಸಬೇಕು.

ಏಪ್ರಿಲ್ 1ರಂದು ಯುಸಿ ಬರೆಯಲು ಕೂತರೆ ಮೇ ಮುಗಿಯುತ್ತದೆ. ನಾವು ಪ್ರತಿ ತಿಂಗಳ ಕೊನೆಗೆ ಒಂದು ಎಕ್ಸೆಲ್ ಹಾಳೆಯಲ್ಲಿ ವೋಚರ್ ಸಂಖ್ಯೆ, ದಿನಾಂಕ, ಹೆಡ್, ಮೊತ್ತ ಇಳಿಸಿ ಲೆಕ್ಕಪತ್ರ ವಿಭಾಗದ ಪುಸ್ತಕದೊಂದಿಗೆ ಪೈಸೆಗೆ ಪೈಸೆ ತಾಳೆ ನೋಡುತ್ತೇವೆ. ಬೇರೆ ಪ್ರಾಜೆಕ್ಟಿನ ಬಿಲ್ ನಮ್ಮ ಹೆಡ್‌ಗೆ ಬಿದ್ದಿರುವುದು ಇಲ್ಲಿಯೇ ಸಿಕ್ಕಿಬೀಳುತ್ತದೆ. ಆರು ತಿಂಗಳಾದ ಮೇಲೆ ಸಿಕ್ಕರೆ ಸರಿಪಡಿಸುವ ಟಿಪ್ಪಣಿಗೆ ಮೂರು ಮೇಜು ದಾಟಬೇಕು.

ಇಷ್ಟೆಲ್ಲ ಮಾಡಿದರೂ ಏಪ್ರಿಲಿನಿಂದ ಕೆಲ ತಿಂಗಳು ಹಣ ಬರದ ಅವಧಿ ಇದ್ದೇ ಇರುತ್ತದೆ, ಆಗ ಸಂಬಳಕ್ಕೆ ಕಾಯುವುದು ವಿದ್ಯಾರ್ಥಿ. ಪ್ರಾಜೆಕ್ಟ್‌ಗಳ ಜೊತೆ ಸಂಸ್ಥೆಯ ನಿರ್ವಹಣಾ ವೆಚ್ಚಕ್ಕೆಂದು ಬರುವ ಓವರ್‌ಹೆಡ್ ಹಣದಿಂದ ಮುಂಗಡ ಕೊಟ್ಟು, ಕಂತು ಬಂದ ಮೇಲೆ ಮರುಹೊಂದಿಸುವ ವ್ಯವಸ್ಥೆಯನ್ನು ಕುಲಸಚಿವರಿಂದ ಆದೇಶವಾಗಿಯೇ ಮಾಡಿಸಿಕೊಳ್ಳಬೇಕು. ಬಾಯಿಮಾತಿನ ಒಪ್ಪಿಗೆ ಅಧಿಕಾರಿ ಬದಲಾದ ದಿನವೇ ಹೋಯಿತು.

ಪದವಿ ಕಾಲೇಜಿನ ಅಧ್ಯಾಪಕರಿಗೆ ಇಷ್ಟು ದೊಡ್ಡ ಹೊರೆ ಬೇಡವೆನಿಸಿದರೆ ಅಧ್ಯಾಪಕರಿಗೆಂದೇ ಇರುವ ಟೇರ್ (ಟೀಚರ್ಸ್ ಅಸೋಸಿಯೇಟ್‌ಶಿಪ್ ಫಾರ್ ರಿಸರ್ಚ್ ಎಕ್ಸಲೆನ್ಸ್) ಯೋಜನೆ ನೋಡಬಹುದು. ಸ್ವಂತ ಕಾಲೇಜಿನ ಕೆಲಸ ಬಿಡದೆ ದೊಡ್ಡ ಸಂಸ್ಥೆಯೊಂದರಲ್ಲಿ ವರ್ಷದ ಒಂದಿಷ್ಟು ದಿನ ಸಂಶೋಧನೆ ಮಾಡುವ ಮೂರು ವರ್ಷದ ವ್ಯವಸ್ಥೆ. ಎಸ್‌ಇಆರ್‌ಬಿ ಕಾಲದಲ್ಲಿ ವರ್ಷಕ್ಕೆ 5 ಲಕ್ಷದ ಸಂಶೋಧನಾ ಹಣವನ್ನು ಎರಡು ಸಂಸ್ಥೆಗಳಿಗೆ ಹಂಚುತ್ತಿದ್ದರು. ಎರಡು ಸಂಸ್ಥೆ ಎಂದರೆ ಎರಡು ಯುಸಿ, ಎರಡು ಆಡಿಟರ್ ಸಹಿ. ಕಾಲೇಜಿನ ಪ್ರಾಂಶುಪಾಲರಿಗೆ ಇದನ್ನು ಮೊದಲೇ ತಿಳಿಸಿ.

ಮುಗಿಯುವ ಹಂತದಲ್ಲಿ ಉಪಕರಣಗಳನ್ನು ಜಿಎಫ್‌ಆರ್ 22 ನಮೂನೆಯ ಸ್ಥಿರ ಆಸ್ತಿಗಳ (ಫಿಕ್ಸೆಡ್ ಅಸೆಟ್ಸ್) ವಹಿಗೆ ಏರಿಸಿ, ಸೀರಿಯಲ್ ಸಂಖ್ಯೆ, ಇಟ್ಟಿರುವ ಕೊಠಡಿ ಬರೆದು, ಉಪಕರಣದ ಮೇಲೆ ಪ್ರಾಜೆಕ್ಟ್ ಸಂಖ್ಯೆಯ ಪಟ್ಟಿ ಅಂಟಿಸಿ. ಮಂಜೂರು ಮಾಡಿದವರ ಒಪ್ಪಿಗೆ ಇಲ್ಲದೆ ಅವನ್ನು ಮಾರುವಂತಿಲ್ಲ, ಬೇರೆಡೆಗೆ ಕೊಡುವಂತೆಯೂ ಇಲ್ಲ. ಉಳಿದ ಹಣ ವಾಪಸ್ ಕಟ್ಟಿ, ಆಡಿಟ್ ಆದ ಅಂತಿಮ ಎಸ್‌ಇ, ಯುಸಿ ಮತ್ತು ಮುಕ್ತಾಯ ವರದಿ ಪೋರ್ಟಲಿಗೆ ಏರಿಸಿ. ಇದು ಬಾಕಿಯಿದ್ದರೆ ಮುಂದಿನ ಪ್ರಸ್ತಾವನೆಗೆ ತೊಡಕಾಗುತ್ತದೆ.